ಗೀರಿದ್ದಕ್ಕೆ ಸಿಕ್ಕಿದ್ದೇನು?

ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಒಮ್ಮೆ ಕೈಕೊಟ್ಟ ದಂಪತಿಗೆ ಮುಂದಿನ ಸಲದ ಎಸ್ಟಿಮೇಟ್ ಬರೆಯುವಾಗ ಹಲವು ವರ್ಷ ಒಂದು ಸಾಲು ಹೆಚ್ಚಿಗೆ ಇರುತ್ತಿತ್ತು: ಎಂಡೋಮೆಟ್ರಿಯಲ್ ಸ್ಕ್ರ್ಯಾಚಿಂಗ್. ಅಂದರೆ ಗರ್ಭಕೋಶದ ಒಳಪದರವನ್ನು ಬೇಕೆಂದೇ ಗೀರುವುದು. ಗಾಯ ಮಾಯುವಾಗ ಏಳುವ ಉರಿಯೂತದಿಂದ ಭ್ರೂಣ ಚೆನ್ನಾಗಿ ಅಂಟುತ್ತದೆ ಅನ್ನುವುದು ತರ್ಕ. ಕೇಳಲು ಸೊಗಸಾಗಿದೆ. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ.

ಇದನ್ನು ಸಾಮಾನ್ಯವಾಗಿ ಐವಿಎಫ್‌ಗೆ ಹಿಂದಿನ ಮುಟ್ಟಿನ ಚಕ್ರದ 21ನೇ ದಿನದ ಆಸುಪಾಸಿನಲ್ಲಿ ಮಾಡುತ್ತಿದ್ದರು. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಹಾಕಿ, ಗರ್ಭಕಂಠ ಒರೆಸಿ, ಸುಮಾರು 3 ಮಿಮೀ ದಪ್ಪದ ಪೈಪೆಲ್ ಎಂಬ ಪ್ಲಾಸ್ಟಿಕ್ ನಳಿಕೆಯನ್ನು ಗರ್ಭಕೋಶದ ಮೇಲ್ತುದಿ ತಾಗುವವರೆಗೆ ತೂರಿಸಬೇಕು. ಒಳಗಿನ ಪಿಸ್ಟನ್ ಹಿಂದಕ್ಕೆ ಎಳೆದರೆ ಹೀರುವಿಕೆ ಹುಟ್ಟುತ್ತದೆ. ಆಮೇಲೆ ನಳಿಕೆಯನ್ನು ತಿರುಗಿಸುತ್ತ ಹಿಂದೆ ಮುಂದೆ ಆಡಿಸಿದರೆ ಪದರದ ಚೂರು ಒಳಗೆ ಬರುತ್ತದೆ. ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಇಲ್ಲ. ಮುಟ್ಟಿನ ನೋವಿನಂಥ ಹಿಂಡುವಿಕೆ, ಒಂದಿಷ್ಟು ರಕ್ತದ ಕಲೆ. ಗರ್ಭಕಂಠ ಬಿಗಿಯಾಗಿದ್ದರೆ ಇಕ್ಕಳದಲ್ಲಿ ಹಿಡಿದೆಳೆಯಬೇಕಾಗುತ್ತದೆ. ತಲೆ ಸುತ್ತಿ ಬೀಳುವವರು ಹೆಚ್ಚಾಗಿ ಇಂಥವರೇ. ಆ ತಿಂಗಳು ಕಾಂಡೋಮ್ ಬಳಸಿ ಎಂದು ಹೇಳಲು ಮರೆತರೆ ಇನ್ನೊಂದು ಅಪಾಯ: ತಾನಾಗಿ ನಿಂತಿರಬಹುದಾದ ಗರ್ಭಕ್ಕೇ ಪೈಪೆಲ್ ತಾಗಬಹುದು.

ಇದೆಲ್ಲಕ್ಕೂ ಮೂಲ 2003ರ ಒಂದು ಇಸ್ರೇಲಿ ಅಧ್ಯಯನ. 134 ಮಹಿಳೆಯರಲ್ಲಿ 45 ಮಂದಿಗೆ ಗೀರಲಾಗಿತ್ತು. ಅವರಲ್ಲಿ ಗರ್ಭಧಾರಣೆ ಉಳಿದವರ ಎರಡರಷ್ಟು. ಇಷ್ಟು ಸಣ್ಣ ಗುಂಪಿನಲ್ಲಿ ಹತ್ತು ಮಂದಿಯ ಅದೃಷ್ಟ ಅತ್ತಿತ್ತ ಆದರೂ ಶೇಕಡಾವಾರು ತುಂಬ ಬದಲಾಗುತ್ತದೆ. ಆದರೂ ಪದ್ಧತಿ ದೇಶದೇಶ ಸುತ್ತಿತು. ‘ನಮ್ಮಕ್ಕನಿಗೆ ಮಾಡಿದ್ಮೇಲೆ ನಿಂತಿತು ಡಾಕ್ಟ್ರೇ, ನಮಗೂ ಮಾಡಿಬಿಡಿ’ ಅನ್ನುವವರಿಗೆ ಇಲ್ಲ ಅನ್ನುವುದು ಸುಲಭವಲ್ಲ. ಒಮ್ಮೆ ಸೋತವರಲ್ಲಿ ಒಂದಷ್ಟು ಮಂದಿಗೆ ಮುಂದಿನ ಸಲ ಏನೂ ಮಾಡದಿದ್ದರೂ ಗರ್ಭ ನಿಲ್ಲುತ್ತದೆ. ನಡುವೆ ಏನು ಮಾಡಿದ್ದೆವೋ ಅದಕ್ಕೇ ಕೀರ್ತಿ ಹೋಗುತ್ತದೆ. ಮಳೆಗಾಲದಲ್ಲಿ ಕಪ್ಪೆ ಮದುವೆ ಮಾಡಿಸಿದ ಹಾಗೆ.

2019ರಲ್ಲಿ ನ್ಯೂಜಿಲೆಂಡ್ ಸೇರಿ ಐದು ದೇಶಗಳ ಪ್ರಯೋಗದ ಫಲಿತಾಂಶ ಬಂತು. 1,364 ಮಹಿಳೆಯರು, ಯಾರಿಗೆ ಗೀರುವುದೆಂದು ವೈದ್ಯರು ಆರಿಸಲಿಲ್ಲ, ಯಾದೃಚ್ಛಿಕವಾಗಿ ಹಂಚಲಾಯಿತು. ಲೆಕ್ಕ ಹಾಕಿದ್ದು ರಕ್ತಪರೀಕ್ಷೆಯ ಪಾಸಿಟಿವ್ ಅಲ್ಲ, ಜೀವಂತ ಜನನ. ಗೀರಿದವರಲ್ಲಿ 26.1%. ಗೀರದವರಲ್ಲಿಯೂ 26.1%.

ಹಾಗಾದರೆ ಎಲ್ಲ ಹೊಸತಕ್ಕೂ ಇಂಥ ಪ್ರಯೋಗ ಮುಗಿಯುವವರೆಗೆ ಕಾಯಬೇಕೇ? ನನ್ನ ಪ್ರಕಾರ ಇಲ್ಲ. 1992ರಲ್ಲಿ ಬ್ರಸೆಲ್ಸ್‌ನಿಂದ ಇಕ್ಸಿ, ಅಂದರೆ ಒಂದೇ ವೀರ್ಯಾಣುವನ್ನು ನೇರ ಅಂಡಾಣುವಿನೊಳಗೆ ಚುಚ್ಚುವ ವಿಧಾನ, ಬಂದಾಗ ವೀರ್ಯಾಣು ತೀರಾ ಕಡಿಮೆ ಇದ್ದವರಿಗೆ ಸ್ವಂತ ಮಗುವಿನ ಆಸೆ ಹೆಚ್ಚುಕಡಿಮೆ ಮುಗಿದಿತ್ತು. ಅಲ್ಲಿ ಫಲ ಬರಿಗಣ್ಣಿಗೇ ಕಂಡಿತು. ನೂರಕ್ಕೆ ಇಪ್ಪತ್ತಾರು ತಾನಾಗಿ ಆಗುವ ಕಡೆ, ಅದು ಮೂವತ್ತಾಯಿತೇ ಎಂದು ಕಣ್ಣಿಗೆ ಕಾಣುವುದಿಲ್ಲ. ಎಷ್ಟೇ ಅನುಭವಿ ಡಾಕ್ಟರಿಗೂ.

ಪಿಜಿಟಿ-ಎ ಎಂಬ ಭ್ರೂಣ ಪರೀಕ್ಷೆಯೂ ಇದೇ ಸಾಲಿನದು. ಐದನೇ ದಿನದ ಭ್ರೂಣದ ಹೊರಪದರದಿಂದ ಐದಾರು ಜೀವಕೋಶ ತೆಗೆದು ಕ್ರೋಮೋಸೋಮ್ ಎಣಿಸುತ್ತಾರೆ, ಲೆಕ್ಕ ತಪ್ಪಿದ ಭ್ರೂಣವನ್ನು ಬಿಟ್ಟುಬಿಡುತ್ತಾರೆ. ಆದರೆ ಆ ಪದರ ಮಾಸುಚೀಲವಾಗುವ ಭಾಗ, ಮಗುವಾಗುವ ಭಾಗವಲ್ಲ. ಎರಡೂ ಯಾವಾಗಲೂ ಹೊಂದುವುದಿಲ್ಲ. ಮಗುವಾಗಬಹುದಾಗಿದ್ದ ಭ್ರೂಣವೂ ಕಸಕ್ಕೆ ಹೋಗಬಹುದು. 2021ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ, ಒಳ್ಳೆಯ ಭ್ರೂಣ ಮೂರಾದರೂ ಇದ್ದ 1,212 ಮಹಿಳೆಯರಲ್ಲಿ ನೋಡಿದಾಗ ಪರೀಕ್ಷೆ ಮಾಡಿಸಿದವರಲ್ಲಿ ಒಟ್ಟು ಜೀವಂತ ಜನನ 77.2%, ಮಾಡಿಸದವರಲ್ಲಿ 81.8%.

ಈಗ ಎಸ್ಟಿಮೇಟಿನಲ್ಲಿ, ಅಂಡಾಣು ಹೆಚ್ಚು ಸಿಗಲಿ ಎಂಬ ಆಸೆಯಿಂದ, ಅಂಡಾಶಯಕ್ಕೆ ಪಿಆರ್‌ಪಿ ಎಂಬ ಸಾಲು ಕಾಣುತ್ತಿದೆ. ರೋಗಿಯದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾದ ಪ್ಲಾಸ್ಮಾವನ್ನು ಸ್ಕ್ಯಾನ್ ನೋಡುತ್ತ ಅಂಡಾಶಯಕ್ಕೆ ಚುಚ್ಚುವುದು. ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ತಿರುಗಿಸಬೇಕು, ಎಷ್ಟು ಎಂಎಲ್ ಚುಚ್ಚಬೇಕು ಎಂಬುದು ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಹಾಗಾಗಿ ಎರಡು ಕಡೆ ‘ಪಿಆರ್‌ಪಿ’ ಎಂದು ಬಿಲ್ ಮಾಡಿದ್ದರೂ ಚುಚ್ಚಿದ್ದು ಒಂದೇ ಔಷಧಿ ಅನ್ನುವಂತಿಲ್ಲ.