ಏ ಮಂಡಲಂ?

ಬಳ್ಳಾರಿ ತಾಲ್ಲೂಕಿನ ಗಡಿ ಊರು ಚೆಳ್ಳಗುರ್ಕಿ ಕಡೆ ಹೋದವರಿಗೆ ಇದು ಗೊತ್ತಿರುತ್ತದೆ. ಗಡಿ ದಾಟಿಯೇ ಇರುವುದಿಲ್ಲ, ಮೊಬೈಲಿಗೆ ಮಾತ್ರ ‘ಆಂಧ್ರಪ್ರದೇಶಕ್ಕೆ ಸ್ವಾಗತ’ ಅಂತ ಮೆಸೇಜ್ ಬರುತ್ತದೆ. ಸಿಗ್ನಲ್ಲಿಗೆ ಚೆಕ್‌ಪೋಸ್ಟ್ ಇಲ್ಲವಲ್ಲ. ಅದನ್ನು ನೋಡಿ ನಗುತ್ತಿದ್ದೆವು.

ಆ ರಾತ್ರಿ ಅಲ್ಲಿನ ಎರ್ರಿತಾತನ ಗದ್ದುಗೆಗೆ ಕಾಯಿ ಒಡೆಸಿಕೊಂಡು ಮಾವನೂ ನಾನೂ ಬೈಕಿನಲ್ಲಿ ಬಳ್ಳಾರಿಗೆ ವಾಪಸ್ ಹೊರಟಿದ್ದೆವು. ಹಂದಿ ಅಡ್ಡ ಬಂತು. ನನಗೆ ಮೊಣಕೈ ತರಚಿತು, ಅಷ್ಟೆ. ಮಾವನ ಬಲಗಾಲು ನೋಡುವ ಹಾಗಿರಲಿಲ್ಲ. ಎರಡೂ ಕಡೆ ಮೆಣಸಿನಕಾಯಿ ಹೊಲ, ಒಂದು ದೀಪ ಇಲ್ಲ.

108 ಒತ್ತಿದೆ. ಬೇಗ ಎತ್ತಿದರು, ತೆಲುಗಿನಲ್ಲಿ. ಅದೇನು ದೊಡ್ಡದಲ್ಲ, ಬಳ್ಳಾರಿಯವರಿಗೆ ತೆಲುಗು ಬರದೆ ಇರುತ್ತದಾ? ತೊಡಕಾಗಿದ್ದು ಮುಂದಿನ ಪ್ರಶ್ನೆ. ‘ಏ ಮಂಡಲಂ?’ ಯಾವ ಮಂಡಲ ಅಂತ. ನಮ್ಮಲ್ಲಿರುವುದು ತಾಲ್ಲೂಕು, ಹೋಬಳಿ. ಮಂಡಲ ಎಲ್ಲಿಂದ ತರಲಿ? ಬಳ್ಳಾರಿ ಅಂದೆ. ‘ಅದಿ ಕರ್ನಾಟಕ ಕದಂಡಿ, ಅಕ್ಕಡಿ 108ಕಿ ಚೇಯಂಡಿ’ ಅಂದರು ಆಯಮ್ಮ. ಅದು ಕರ್ನಾಟಕ ಅಲ್ವಾ, ಅಲ್ಲಿನ 108ಕ್ಕೆ ಮಾಡಿ ಅಂತ. ಅದನ್ನೇ ಅಲ್ವಾ ನಾನು ಮಾಡಿದ್ದು! ಮತ್ತೆ ಒತ್ತಿದೆ, ಮತ್ತೆ ತೆಲುಗು. 112 ಒತ್ತಿದರೂ ಆಂಧ್ರಕ್ಕೇ. ಈ ಮೂರಂಕಿ ನಂಬರುಗಳಿಗೆ ನಮ್ಮ ಸಿಮ್ ಯಾವ ಊರಿನದು ಅನ್ನುವುದು ಬೇಕಿಲ್ಲ. ಫೋನು ಯಾವ ಟವರ್ ಹಿಡಿದಿದೆಯೋ ಆ ಕಡೆಯ ಕೇಂದ್ರಕ್ಕೆ ಕರೆ ಹೋಗುತ್ತದೆ. ಟವರಿಗಾದರೂ ನಾವು ಬಿದ್ದ ಜಾಗ ಗೊತ್ತಾ? ಬಯಲಿನಲ್ಲಿ ಒಂದು ಟವರ್ ಸುತ್ತಲಿನ ನಾಲ್ಕಾರು ಊರಿಗೆ ಸಿಗ್ನಲ್ ಕೊಡುತ್ತದೆ, ಯಾವ ಹೊಲದ ಪಕ್ಕ ಅಂತ ಅದು ಹೇಗೆ ಹೇಳೀತು? ಮಾವನ ಹಳೇ ಲ್ಯಾಂಡ್‌ಲೈನಿಗೆ ಒಂದು ವಿಳಾಸವಾದರೂ ಇತ್ತು.

‘ಲೇ, ಅಕ್ಕಗ ಹಚ್ಚೋ’ ಅಂದರು ಮಾವ, ಹಲ್ಲು ಕಚ್ಚಿಕೊಂಡು. ನನಗೆ ಹೊಳೆದಿರಲಿಲ್ಲ. ಅಕ್ಕ ಬಳ್ಳಾರಿ ಮನೆಯಿಂದ 108 ಒತ್ತಿದಳು, ಕನ್ನಡದಲ್ಲೇ ಎತ್ತಿದರು. ಆಮೇಲೆ ಅವರು ಅಕ್ಕನನ್ನು ಕೇಳುವುದು, ಅಕ್ಕ ನನ್ನನ್ನು ಕೇಳುವುದು, ನಾನು ಟಾರ್ಚ್ ಬಿಟ್ಟು ಕಿಲೋಮೀಟರ್ ಕಲ್ಲು ಹುಡುಕುವುದು. ಲೊಕೇಶನ್ ಕಳಿಸೋಣ ಅಂದರೆ ಅದು ಸುಮ್ನೆ ಸುತ್ತುತ್ತಲೇ ಇತ್ತು. ಕೊನೆಗೆ ಡ್ರೈವರೇ ಫೋನ್ ಮಾಡಿದ. ‘ಬೈಕ್ ಸ್ಟಾರ್ಟ್ ಆಗ್ತದಾ? ಹೆಡ್‌ಲೈಟ್ ಬಳ್ಳಾರಿ ಕಡೆ ತಿರುಗಿಸಿ ಇಡ್ರಿ.’ ಆ ಬೆಳಕು ನೋಡಿಕೊಂಡೇ ಬಂದ.

ಮಾವನ ಕಾಲಿಗೆ ಈಗ ರಾಡ್ ಹಾಕಿದ್ದಾರೆ. ನೋಡಲು ಬಂದವರು ಎಲ್ಲಿ ಬಿದ್ರಿ ಅಂತ ಕೇಳಿದರೆ, ‘ಮೊದ್ಲು ನಿಮ್ದು ಏ ಮಂಡಲಂ ಹೇಳ್ರಿ’ ಅನ್ನುತ್ತಾರೆ.