ಮೂರನೇ ಪಕ್ಷಕ್ಕೆ ಜಾಗ ಎಲ್ಲಿದೆ?

ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನನ್ನು ಕೊಡಗಿನಲ್ಲಿ ಜನ ಸುಮ್ಮನೆ ಬಿಡುವುದಿಲ್ಲ. ಮದುವೆ ಮನೆ, ಗೋಣಿಕೊಪ್ಪದ ಸಂತೆ, ಕುಶಾಲನಗರದ ಬಸ್ ನಿಲ್ದಾಣ, ಎಲ್ಲಿ ಸಿಕ್ಕರೂ ಅದೇ ಪ್ರಶ್ನೆ: “ಸಾರ್, ಇವರದು ಐದು ವರ್ಷ, ಅವರದು ಐದು ವರ್ಷ. ನಮಗೊಂದು ಗಟ್ಟಿಯಾದ ಮೂರನೇ ಪಕ್ಷ ಬೇಡವೇ?” ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಎರಡು ಪಕ್ಷಗಳ ಕಾಟಕ್ಕೆ ಬೇಸತ್ತು ಫೋನಿನಲ್ಲಿ ಕೇಳುವುದೂ ಇದನ್ನೇ.

ಬೇಕು ಎಂಬುದೇ ನನ್ನ ಉತ್ತರ. ಆದರೆ ಕೇಳುವವರ ಮನಸ್ಸಿನಲ್ಲಿರುವ ಕಾರಣ ಬೇರೆ, ನನ್ನದು ಬೇರೆ. ಎಲ್ಲಿಂದಲೋ ಪ್ರಾಮಾಣಿಕರ ಗುಂಪೊಂದು ಬಂದು ಅಧಿಕಾರ ಹಿಡಿದು ಎಲ್ಲವನ್ನೂ ಗುಡಿಸಿ ಸ್ವಚ್ಛ ಮಾಡುತ್ತದೆ ಎಂಬ ಆಸೆ ಅವರದು. ನನಗೆ ಆ ಭ್ರಮೆ ಇಲ್ಲ. ಮೂರನೆಯವರಿಗೂ ಚುನಾವಣೆಗೆ ದುಡ್ಡು ಬೇಕು, ಗೆದ್ದ ಮೇಲೆ ಕುರ್ಚಿ ಬೇಕು. ಮೂರನೇ ಪಕ್ಷ ಅಧಿಕಾರಕ್ಕೆ ಬರದಿದ್ದರೂ ಚಿಂತೆಯಿಲ್ಲ. ಮೊದಲೆರಡು ಪಕ್ಷಗಳಿಗೆ ಅದರ ಹೆದರಿಕೆ ಇದ್ದರೆ ಸಾಕು.

ಚುನಾವಣೆ ಸಮಯದಲ್ಲಿ ಯಾವುದಾದರೂ ಪಕ್ಷದ ಬೂತ್ ಕಾರ್ಯಕರ್ತರ ಕೈಯಲ್ಲಿರುವ ಮತದಾರರ ಪಟ್ಟಿಯನ್ನು ನೋಡಿ. ಹೆಸರುಗಳ ಪಕ್ಕದಲ್ಲಿ ಪೆನ್ನಿನ ಗುರುತುಗಳಿರುತ್ತವೆ: ಇದು ನಮ್ಮ ಮನೆ, ಇದು ಅವರ ಮನೆ, ಇದು ಅನುಮಾನ. ‘ನಮ್ಮ’ ಮನೆಗೆ ಹೋಗುವ ಅಗತ್ಯವಿಲ್ಲ, ‘ಅವರ’ ಮನೆಗೆ ಹೋಗಿ ಪ್ರಯೋಜನವಿಲ್ಲ. ಅಭ್ಯರ್ಥಿಯ ಜೀಪು ನಿಲ್ಲುವುದು ಅನುಮಾನದ ಗುರುತಿರುವ ಗೇಟಿನ ಮುಂದೆ ಮಾತ್ರ. ಆನೆ ನುಗ್ಗಿ ಕಾಫಿ ಗಿಡ ಮುರಿದ ತೋಟ ‘ನಮ್ಮ’ ಮನೆಯವರದಾಗಿದ್ದರೆ ಅವರ ಗೋಳು ಕೇಳುವವರಿಲ್ಲ, ‘ಅವರ’ ಮನೆಯವರದಾಗಿದ್ದರೆ ಮೊದಲೇ ಇಲ್ಲ. ಎರಡೂ ಪಕ್ಷಗಳ ಭಾಷಣದಲ್ಲಿ ರೈಲು ಕಂಬಿಯ ತಡೆಗೋಡೆಯೂ ಇರುತ್ತದೆ, ಪರಿಹಾರ ಹೆಚ್ಚಿಸುವ ಭರವಸೆಯೂ ಇರುತ್ತದೆ. ಭಾಷಣ ಬದಲಾಗುವುದೇ ಇಲ್ಲ, ಏಕೆಂದರೆ ಬದಲಾಗದಿದ್ದರೆ ಯಾರಿಗೂ ನಷ್ಟವಿಲ್ಲ. ಮತ ಹೋಗಲು ಇನ್ನೊಂದು ದಾರಿ ತೆರೆದುಕೊಂಡರೆ ಆ ಪಟ್ಟಿಯ ಅರ್ಧ ಹೆಸರುಗಳ ಮುಂದೆ ಅನುಮಾನದ ಗುರುತು ಬೀಳುತ್ತದೆ. ಮೂರನೇ ಪಕ್ಷದಿಂದ ನಾನು ಬಯಸುವುದು ಇಷ್ಟನ್ನೇ. (ಮತಯಂತ್ರದಲ್ಲಿ ‘ಇವರು ಯಾರೂ ಬೇಡ’ ಎನ್ನಲು 2013ರಲ್ಲಿ ಬಂದ ‘ನೋಟಾ’ ಗುಂಡಿ ಈ ಕೆಲಸ ಮಾಡೀತು ಎಂದು ಕೆಲವರು ನಂಬಿದ್ದರು. ಗೆಲ್ಲಲಾಗದ ಗುಂಡಿಗೆ ಯಾರು ಹೆದರುತ್ತಾರೆ?)

ಹಾಗಾದರೆ ಅಂಥ ಪಕ್ಷ ಏಕೆ ಬೆಳೆಯುವುದಿಲ್ಲ? ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮಾರಿಸ್ ಡುವರ್ಜೆ 1951ರಲ್ಲೇ ಕಾರಣ ಹೇಳಿದ್ದಾರೆ. ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರೇ ವಿಜೇತರು ಎಂಬ ನಿಯಮ ಇರುವ ಕಡೆ ಸ್ಪರ್ಧೆ ಎರಡು ಪಕ್ಷಗಳಿಗೆ ಇಳಿಯುತ್ತದೆ. ಮತ ಹಾಳಾಗುತ್ತದೆಂಬ ಭಯಕ್ಕೆ ಜನ ಮೂರನೆಯವರನ್ನು ಬಿಡುತ್ತಾರೆ. ಬ್ರಿಟನ್ನಿನಲ್ಲಿ 1983ರಲ್ಲಿ ಲಿಬರಲ್ ಮತ್ತು ಎಸ್‌ಡಿಪಿ ಮೈತ್ರಿಕೂಟಕ್ಕೆ ಶೇ 25ರಷ್ಟು ಮತ ಬಂತು, ಸಿಕ್ಕಿದ್ದು 23 ಸ್ಥಾನ. ಶೇ 28ರ ಹತ್ತಿರವಿದ್ದ ಲೇಬರ್ ಪಕ್ಷಕ್ಕೆ 209. ಅಮೆರಿಕದ ಫ್ಲಾರಿಡಾದಲ್ಲಿ 2000ನೇ ಇಸವಿಯ ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜ್ ಬುಷ್ ಗೆದ್ದ ಅಂತರ 537 ಮತ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಆ ಮತ ತಮಗೆ ಬರಬೇಕಿತ್ತು ಎನ್ನುವ, ಸೋತ ಪಕ್ಷದ ಡೆಮಾಕ್ರಟರು ನೇಡರ್ ಅವರನ್ನು ಇಂದಿಗೂ ಕ್ಷಮಿಸಿಲ್ಲ.

ಅಷ್ಟು ದೂರ ಹೋಗುವುದೇಕೆ, ಮಡಿಕೇರಿ ಕ್ಷೇತ್ರವನ್ನೇ ನೋಡಿ. 2013 ಮತ್ತು 2018ರಲ್ಲಿ ಗೆದ್ದವರು ಬಿಜೆಪಿಯ ಅಪ್ಪಚ್ಚು ರಂಜನ್. ಎರಡನೇ ಸ್ಥಾನ ಜೆಡಿಎಸ್‌ನ ಬಿ.ಎ. ಜೀವಿಜಯ ಅವರದು. ಕಾಂಗ್ರೆಸ್ ಮೂರನೆಯದು! ಎರಡು ಸಲವೂ ಸೋತ ಆ ಎರಡು ಪಕ್ಷಗಳ ಮತ ಕೂಡಿಸಿದರೆ ಗೆದ್ದವರ ಮತಕ್ಕಿಂತ ಹೆಚ್ಚು. ಅಂದರೆ 2018ರಲ್ಲಿ ರಾಜ್ಯದ ಲೆಕ್ಕದಲ್ಲಿ ಮೂರನೆಯದಾದ ಪಕ್ಷ ನಮ್ಮಲ್ಲಿ ಎರಡನೆಯದಾಗಿತ್ತು. ಯಾರ ಮತವನ್ನು ಯಾರು ಒಡೆದರು ಎಂದು ಆಗ ಕಾಂಗ್ರೆಸ್ಸಿನವರೂ ಜೆಡಿಎಸ್‌ನವರೂ ಬಾಯಿಗೆ ಬಂದಂತೆ ಜಗಳವಾಡಿದರು. ನನಗೆ ಈ ‘ಮತ ಒಡೆಯುವುದು’ ಎಂಬ ಮಾತೇ ಹಿಡಿಸುವುದಿಲ್ಲ. ಮತವೇನು ಯಾವ ಪಕ್ಷದ ಪಿತ್ರಾರ್ಜಿತ ಆಸ್ತಿಯೇ? 2023ಕ್ಕೆ ಅಲ್ಲಿ ನೇರ ಸ್ಪರ್ಧೆಯಾಯಿತು, ಕಾಂಗ್ರೆಸ್‌ನ ಮಂತರ್ ಗೌಡ ಗೆದ್ದರು, ಮೂರನೆಯವರು ಲೆಕ್ಕಕ್ಕೇ ಬರಲಿಲ್ಲ.

ಜೆಡಿಎಸ್ ಸೊರಗಿದ್ದಕ್ಕೆ ಡುವರ್ಜೆ ಒಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ 37 ಸ್ಥಾನ ಇಟ್ಟುಕೊಂಡು ಕಾಂಗ್ರೆಸ್ ಜೊತೆ ಮುಖ್ಯಮಂತ್ರಿ ಪಟ್ಟ, 2023ರಲ್ಲಿ ಮತ್ತೆ ಎನ್‌ಡಿಎ. ಎರಡೂ ಕಡೆಗೆ ಹೋಗಬಲ್ಲ ಪಕ್ಷಕ್ಕೆ ಹಾಕಿದ ಮತ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಮತದಾರನಿಗೇ ಗೊತ್ತಿಲ್ಲದ ಮೇಲೆ ಅವನೇಕೆ ಹಾಕುತ್ತಾನೆ? ಇನ್ನೊಂದು ಬಗೆಯ ಮೂರನೇ ಪಕ್ಷವೂ ನಮ್ಮ ರಾಜ್ಯದಲ್ಲೇ ಇತ್ತು. ಬಿಜೆಪಿಗೆ 1983ರಲ್ಲಿ 18 ಸ್ಥಾನ, 1985ರಲ್ಲಿ 2, 1989ರಲ್ಲಿ 4. ಅದು 110 ಸ್ಥಾನ ಮುಟ್ಟಿದ್ದು 2008ರಲ್ಲಿ. ಆ ಪಕ್ಷದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಎರಡು ಸ್ಥಾನಕ್ಕೆ ಕುಸಿದಾಗಲೂ ಅಂಗಡಿ ಮುಚ್ಚದೆ ಕೆಳಗಿನಿಂದ ಕಟ್ಟಿಕೊಂಡು ಬಂದದ್ದು ಸುಳ್ಳಲ್ಲ.

ಈ ‘ಕೆಳಗಿನಿಂದ’ ಎಂಬಲ್ಲಿಯೇ ಕೊಡಗಿನವರಿಗೆ ಯೋಚಿಸಲು ಹೆಚ್ಚು ಇದೆ. 1952ರಲ್ಲಿ ಕೊಡಗು ಒಂದು ರಾಜ್ಯ. ಜನಸಂಖ್ಯೆ 2.29 ಲಕ್ಷ, ವಿಧಾನಸಭೆಯಲ್ಲಿ 24 ಸ್ಥಾನ. ಹತ್ತು ಸಾವಿರ ಜನಕ್ಕೂ ಮೊದಲೇ ಒಬ್ಬ ಶಾಸಕ! ಆ ಚುನಾವಣೆಯಲ್ಲಿ ಕಾಂಗ್ರೆಸ್ 15 ಗೆದ್ದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಉಳಿದ 9 ಪಕ್ಷೇತರರ ಪಾಲಾಯಿತು. ಕೊಡಗು ಪ್ರತ್ಯೇಕವಾಗಿಯೇ ಉಳಿಯಲಿ ಎಂದ ಪಂದ್ಯಂಡ ಬೆಳ್ಳಿಯಪ್ಪ ಅವರ ಕಡೆಯವರನ್ನು ಜನ ತಕ್ಕಡಿ ಪಕ್ಷ ಎಂದು ಕರೆದರು. ನೆಹರೂ ಅವರ ಕಾಂಗ್ರೆಸ್ ದೇಶವನ್ನೇ ಗುಡಿಸಿಹಾಕಿದ ವರ್ಷ ಅದು. ಅಂಥ ವರ್ಷದಲ್ಲೂ ಸ್ಥಳೀಯ ಪ್ರಶ್ನೆಯೊಂದನ್ನು ಹಿಡಿದು ನಿಂತವರಿಗೆ ಸಭೆಯಲ್ಲಿ ಜಾಗ ಸಿಕ್ಕಿತು. ಕ್ಷೇತ್ರ ಚಿಕ್ಕದಿತ್ತು, ಕಾಲ್ನಡಿಗೆಯಲ್ಲೇ ಮನೆಮನೆ ಮುಟ್ಟಬಹುದಿತ್ತು.

ಹಳೆಯ ರಾಜ್ಯ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಇಂದಿನ ಲೆಕ್ಕ ನೋಡಿ: 2011ರ ಜನಗಣತಿಯಂತೆ 5.54 ಲಕ್ಷ ಜನ, ಇಬ್ಬರು ಶಾಸಕರು. ಮೊದಲು ಮೂವರಿದ್ದರು, 2008ರಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಯಿತು. ಲೋಕಸಭೆಗೆ ಮೈಸೂರಿನ ಜೊತೆ, ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಎರಡು. ಇಷ್ಟು ದೊಡ್ಡ ಕ್ಷೇತ್ರದಲ್ಲಿ ಹೊಸ ಪಕ್ಷವೊಂದು ಮೊದಲ ಹೆಜ್ಜೆ ಇಡಲು ಹೊರಟರೆ ಠೇವಣಿ ಕಳೆದುಕೊಂಡೇ ಮನೆಗೆ ಬರುವುದು.

ಮೊದಲ ಹೆಜ್ಜೆಗೆ ಉಳಿದಿರುವ ಜಾಗ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಇವೆರಡಕ್ಕೆ ಇದೆ. ಕೊಡಗು ಜಿಲ್ಲಾ ಪಂಚಾಯಿತಿಗೆ 2016ರಲ್ಲಿ 29 ಸ್ಥಾನಗಳಿದ್ದವು. ಒಬ್ಬ ಸದಸ್ಯನಿಗೆ ಸುಮಾರು ಹತ್ತೊಂಬತ್ತು ಸಾವಿರ ಜನ. ಆನೆ, ರಸ್ತೆ, ಹಾಡಿಯ ಆದಿವಾಸಿಗಳ ಹಕ್ಕುಪತ್ರ, ಲೈನ್ ಮನೆಯ ತೋಟ ಕಾರ್ಮಿಕರ ನಿವೇಶನ, ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿದು ಹತ್ತೂರು ಸುತ್ತಿದವರು ಇಲ್ಲಿ ಗೆಲ್ಲಬಲ್ಲರು. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ರಾಜ್ಯದಾದ್ಯಂತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಈ ಅವಧಿಯಲ್ಲಿ ಬೆಂಗಳೂರಿನಲ್ಲಿ ಬಿಜೆಪಿಯೂ ಆಳಿತು, ಕಾಂಗ್ರೆಸ್ಸೂ ಆಳಿತು. ಬೇರೆ ಎಲ್ಲದರಲ್ಲೂ ಕಿತ್ತಾಡುವ ಇವರಿಗೆ ಈ ಒಂದು ವಿಷಯದಲ್ಲಿ ಮಾತ್ರ ಅವಸರವೇ ಇರಲಿಲ್ಲ.

ಆದ್ದರಿಂದ ಮೂರನೇ ಪಕ್ಷ ಬೇಕೇ ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರ ಹೆಸರೇನು? ಹೆಚ್ಚಿನವರು ನೆನಪಿಸಿಕೊಂಡು ಹೇಳುವುದು 2016ರಲ್ಲಿ ಗೆದ್ದವರ ಹೆಸರನ್ನು.