ದೊಡ್ಡಾಸ್ಪತ್ರೆಯ ದಾರಿಯಲ್ಲಿ ತಾಲ್ಲೂಕು ಆಸ್ಪತ್ರೆಯೂ ಇದೆ

ನಮ್ಮ ಹಾಸನ ಸೀಮೆಯಲ್ಲಿ ಯಾರಿಗಾದರೂ ಎದೆನೋವು ಜೋರಾಯಿತೆಂದರೆ ಮನೆಮಂದಿಯೆಲ್ಲ ಒಂದೇ ಮಾತು ಹೇಳುತ್ತಾರೆ: ಕಾರು ತೆಗೆಯಿರಿ, ಸೀದಾ ಜಯದೇವಕ್ಕೆ ಹೋಗೋಣ. ಹಾಸನದಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿನದಕ್ಕೆ ಸುಮಾರು 185 ಕಿಲೋಮೀಟರ್. ಸಕಲೇಶಪುರ, ಮೂಡಿಗೆರೆ ಕಡೆಯವರು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಮಂಗಳೂರಿಗೆ ಹೋಗುವುದೂ ಉಂಟು. ಮಳೆಗಾಲದಲ್ಲಿ ಆ ಘಾಟಿಗಳು ಎಷ್ಟು ಹೊತ್ತಿಗೆ ದಾರಿ ಬಿಡುತ್ತವೆ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಯಾಣಗಳ ಹಿಂದಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಾಗೆ ಹೊರಟ ಕಾರು, ದಾರಿಯಲ್ಲೇ ಸಿಗುವ ತಾಲ್ಲೂಕು ಆಸ್ಪತ್ರೆಯ ಗೇಟನ್ನು ದಾಟಿ ಮುಂದೆ ಹೋಗಿಬಿಡುತ್ತದೆ ಎಂಬುದೇ ನನ್ನ ತಕರಾರು.

ಹೃದಯಾಘಾತದಲ್ಲಿ ನಿಜವಾಗಿ ನಡೆಯುವುದೇನೆಂದು ತಿಳಿದರೆ ಈ ತಕರಾರು ಅರ್ಥವಾಗುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಯೊಂದರ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೂಡಿಕೊಂಡಿದ್ದ ಕೊಬ್ಬಿನ ದಿಬ್ಬ ಒಂದು ದಿನ ಬಿರಿಯುತ್ತದೆ, ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚುತ್ತದೆ, ಆಚೆಗಿನ ಸ್ನಾಯು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಾಯತೊಡಗಿ ಗಂಟೆಗಂಟೆಗೂ ಇನ್ನಷ್ಟು ಸಾಯುತ್ತ ಹೋಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಮುಚ್ಚಿದ ಧಮನಿಯನ್ನು ತೆರೆಯಲು ಇರುವ ಮುಖ್ಯ ದಾರಿಗಳು ಎರಡು. ಧಮನಿಯೊಳಗೆ ಪುಟ್ಟ ಬಲೂನು ಕಳಿಸಿ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಎಂಬ ಜಾಲರಿಯ ಕೊಳವೆ ಹಾಕುವುದು ಒಂದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡುವುದು ಇನ್ನೊಂದು. ಮೊದಲನೆಯದು ಹೆಚ್ಚು ಒಳ್ಳೆಯದು, ಆದರೆ ಅದಕ್ಕೆ ಕ್ಯಾತ್ ಲ್ಯಾಬ್ ಎಂಬ ವಿಶೇಷ ಚಿಕಿತ್ಸಾ ಕೊಠಡಿ ಬೇಕು, ತಜ್ಞರ ತಂಡ ಬೇಕು. ಆದ್ದರಿಂದಲೇ, ಹೃದಯದ ವಿದ್ಯುತ್ ಅಲೆಗಳನ್ನು ಬರೆದು ತೋರಿಸುವ ಇಸಿಜಿಯಲ್ಲಿ ಹೃದಯಾಘಾತ ಖಚಿತವಾದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ಕಾಯುತ್ತ ಕೂರದೆ ಚುಚ್ಚುಮದ್ದನ್ನೇ ಕೊಡಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮ ತಾಲ್ಲೂಕುಗಳಿಂದ ಕಾರು ತೆಗೆದು, ಊರು ದಾಟಿ, ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಒಳಗೆ ಹೋಗುವ ಹೊತ್ತನ್ನು ಕೂಡಿಸಿ ನೋಡಿದರೆ 120 ನಿಮಿಷದ ಲೆಕ್ಕ ಚನ್ನರಾಯಪಟ್ಟಣದ ಆಚೆಗೇ ಕೈಕೊಡುತ್ತದೆ.

ಈ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾಗಿರುವುದೇ ಇತ್ತೀಚಿನ ವರ್ಷಗಳ ದೊಡ್ಡ ಬದಲಾವಣೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳು ಸರಳವಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ಅಂತರ್ಜಾಲದ ಮೂಲಕ ದೂರದ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಅದನ್ನು ಓದಿ ಇದು ಹೃದಯಾಘಾತ ಹೌದೋ ಅಲ್ಲವೋ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತಾರೆ, ಹೌದಾದರೆ ಸ್ಥಳದಲ್ಲಿರುವ ವೈದ್ಯರು ಟೆನೆಕ್ಟೆಪ್ಲೇಸ್ ಎಂಬ ಮದ್ದನ್ನು ಉಚಿತವಾಗಿ ಕೊಟ್ಟು ರೋಗಿಯನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು ಅದು. ರೋಗಿಯ ತೂಕ ನೋಡಿ ಪ್ರಮಾಣ ನಿರ್ಧರಿಸಿ ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಡಬಹುದಾದ್ದರಿಂದ, ಗಂಟೆ, ಒಂದೂವರೆ ಗಂಟೆ ಡ್ರಿಪ್ಪಿನಲ್ಲಿ ಹನಿಸಬೇಕಾದ ಹಳೆಯ ಮದ್ದುಗಳಿಗಿಂತ ಇದು ಸಣ್ಣ ಆಸ್ಪತ್ರೆಗೆ ಹೆಚ್ಚು ಒಗ್ಗುತ್ತದೆ. ಮದ್ದು ಫಲಿಸಿತೆಂದರೆ ಧಮನಿಗಳ ಒಳದಾರಿಯನ್ನು ತೋರಿಸುವ ಆಂಜಿಯೋಗ್ರಾಂ ಅನ್ನು ಮುಂದಿನ 3ರಿಂದ 24 ಗಂಟೆಗಳ ನಡುವೆ ನಿಧಾನವಾಗಿ ಮಾಡಬಹುದು. ಫಲಿಸದಿದ್ದರೆ ತಡಮಾಡದೆ ಮಾಡಬೇಕು. ಅಂದರೆ ಮೈಸೂರಿನ ಪ್ರಯಾಣ ಎರಡೂ ಸಂದರ್ಭಗಳಲ್ಲಿ ಇದ್ದೇ ಇದೆ. ಅಷ್ಟು ದೂರವನ್ನು ಧಮನಿ ತೆರೆದುಕೊಂಡು ಹೋಗುವುದೋ ಮುಚ್ಚಿಕೊಂಡು ಹೋಗುವುದೋ ಎಂಬುದಷ್ಟೇ ಪ್ರಶ್ನೆ.

ಮದ್ದಿನಲ್ಲಿ ಅಪಾಯವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹೃದಯದ ಹೆಪ್ಪನ್ನು ಕರಗಿಸುವ ಮದ್ದು ಬೇರೆಡೆ ರಕ್ತಸ್ರಾವವನ್ನೂ ಮಾಡಬಲ್ಲದು, ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಇತ್ತೀಚೆಗೆ ಪಾರ್ಶ್ವವಾಯು ಆಗಿತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವೈದ್ಯರು ಒಂದರ ಮೇಲೊಂದು ಕೇಳುವುದು ಇದೇ ಕಾರಣಕ್ಕೆ. ಆ ಗಾಬರಿಯಲ್ಲಿ ಜೊತೆಗೆ ಬಂದವರು ‘ಮೊದಲು ಟ್ರೀಟ್‌ಮೆಂಟ್ ಶುರು ಮಾಡಿ ಸಾರ್, ಆಮೇಲೆ ಕೇಳಿ’ ಎಂದು ರೇಗುವುದನ್ನು ಕಂಡಿದ್ದೇನೆ. ಆ ಪ್ರಶ್ನೆಗಳಿಗೆ ಕೊಡುವ ಉತ್ತರವೂ ಚಿಕಿತ್ಸೆಯ ಭಾಗವೇ. ನುಂಗುತ್ತಿರುವ ಮಾತ್ರೆಗಳ ಚೀಟಿಯೊಂದು ಜೇಬಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಇಸಿಜಿಯನ್ನು ದೂರಕ್ಕೆ ಕಳಿಸುವ ಯೋಚನೆ ಹೊಸದೇನಲ್ಲ. ಇಸಿಜಿ ಯಂತ್ರವನ್ನು ರೂಪಿಸಿದ ಡಚ್ ವಿಜ್ಞಾನಿ ವಿಲೆಮ್ ಐಂಥೋವನ್ 1905ರಲ್ಲೇ ಲೈಡನ್ ನಗರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಅಲೆಗಳನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದ. ಅವನ ಯಂತ್ರ ಆಸ್ಪತ್ರೆಗೆ ಹೊತ್ತೊಯ್ಯಲಾಗದಷ್ಟು ದೊಡ್ಡದಾಗಿತ್ತು, ಹಾಗಾಗಿ ಅಲೆಗಳನ್ನೇ ಯಂತ್ರದ ಬಳಿಗೆ ಕರೆಸಿದ. ಕರ್ನಾಟಕದಲ್ಲಿ 2002ರಲ್ಲಿ ಇಸ್ರೋದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಲಾಯಿತು. ಇನ್ಸಾಟ್ ಉಪಗ್ರಹಗಳ ಮೇಲೆ ಹಗಲಿರುಳು ಕಣ್ಣಿಟ್ಟಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲೇ, 1982ರಿಂದ. ದೂರವೈದ್ಯಕೀಯಕ್ಕೆ ಹಾಸನ ಹೊಸಬನೆಂದು ಯಾರಾದರೂ ಹೇಳಿದರೆ ನಾನು ಈ ರಸ್ತೆಯ ಹೆಸರನ್ನು ನೆನಪಿಸುತ್ತೇನೆ.

ಆದರೂ ಹಳ್ಳಿಯ ಮಟ್ಟಿಗೆ ನಿಜವಾದ ಕೆಲಸ ಮಾಡಿದ್ದು ಉಪಗ್ರಹಕ್ಕಿಂತ ಜೇಬಿನ ಮೊಬೈಲೇ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ ಎಂಬ ಆಶಯದಿಂದ ದಾನಿಗಳ ನೆರವು ಪಡೆದು ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್ಆ್ಯಪ್ ಗುಂಪುಗಳ ಮೂಲಕ ವೈದ್ಯರನ್ನು ಬೆಸೆದರು. ಹಳ್ಳಿಯ ವೈದ್ಯರು ಇಸಿಜಿಯ ಫೋಟೊ ಹಾಕುತ್ತಾರೆ, ಎಲ್ಲೋ ಕುಳಿತ ತಜ್ಞರು ನೋಡಿ ಸಲಹೆ ಕೊಡುತ್ತಾರೆ, ಅಷ್ಟೇ. ಗುರುಗ್ರಾಮದಲ್ಲಿ ಕುಳಿತ ಶಸ್ತ್ರಚಿಕಿತ್ಸಕರು ಜೈಪುರದ ರೋಗಿಗೆ ರೋಬೋಟಿನ ಮೂಲಕ ಹೃದಯದ ಶಸ್ತ್ರಚಿಕಿತ್ಸೆ ಮಾಡಿದ ಸುದ್ದಿಯನ್ನು ನಾನೂ ಬೆರಗಿನಿಂದಲೇ ಓದಿದೆ. ಆದರೆ ಆಲೂರು, ಅರಕಲಗೂಡು, ಕೊಪ್ಪದಂಥ ಊರುಗಳ ಮಟ್ಟಿಗೆ ಆ ರೋಬೋಟಿಗಿಂತ ಈ ಫೋಟೊವೇ ಹೆಚ್ಚು ಜನರನ್ನು ಉಳಿಸುತ್ತದೆ ಎಂಬುದು ನನ್ನ ಎಣಿಕೆ.

ಇಷ್ಟೆಲ್ಲ ಇದ್ದೂ ಹೊತ್ತು ಕಳೆಯುವುದು ಎಲ್ಲಿ ಎಂದರೆ ಮನೆಯಲ್ಲಿ. ‘ಗ್ಯಾಸ್ಟ್ರಿಕ್ ಇರಬೇಕು’ ಎಂಬ ಎರಡು ಪದದ ಸಮಾಧಾನ ನಮ್ಮ ಕಡೆ ಕಳೆದಿರುವಷ್ಟು ಗಂಟೆಗಳನ್ನು ಯಾವ ಹದಗೆಟ್ಟ ರಸ್ತೆಯೂ ಕಳೆದಿಲ್ಲ. ಓಂಕಾಳು ಜಗಿಯುವುದು, ಸೋಡಾ ಕುಡಿಯುವುದು, ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಅಂಗಾತ ಮಲಗುವುದು, ಬೆಳಗಾಗಲಿ ನೋಡೋಣವೆನ್ನುವುದು. ಎದೆಯ ನಡುವೆ ಅದುಮಿ ಹಿಡಿದಂಥ ಬಿಗಿತ, ಅದು ಎಡತೋಳಿಗೋ ಎರಡೂ ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಏದುಸಿರು, ಇವುಗಳಲ್ಲಿ ಯಾವುದಾದರೂ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಇದ್ದರೆ ಹೊಟ್ಟೆಯ ವಿಚಾರ ಆಮೇಲೆ, ಮೊದಲು ಇಸಿಜಿ. ಸಕ್ಕರೆ ಕಾಯಿಲೆಯವರಿಗೂ ವಯಸ್ಸಾದವರಿಗೂ ಅನೇಕ ಹೆಂಗಸರಿಗೂ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಇದು ಕಾಣಿಸಿಕೊಳ್ಳಬಹುದು. 108ಕ್ಕೆ ಕರೆ ಮಾಡಿದಾಗ ಈ ಲಕ್ಷಣಗಳನ್ನು ಹೀಗೆಯೇ ಹೇಳಿ, ಆಸ್ಪಿರಿನ್ ಜಗಿಯಬಹುದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇದ್ದವರಿಗೆ ಅದು ಸಲ್ಲದು. ಮೊದಲ ಇಸಿಜಿ ಸರಿಯಾಗಿದೆ ಎಂದರೂ ನೋವು ಮುಂದುವರಿದಿದ್ದರೆ ಮನೆಗೆ ಹೊರಡಬಾರದು. ಸ್ವಲ್ಪ ಹೊತ್ತಿನ ಬಳಿಕ ಇನ್ನೊಂದು ಇಸಿಜಿ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಬೇಕಾಗುತ್ತದೆ.

2025ರ ಜೂನ್ ತಿಂಗಳಲ್ಲಿ ಹಾಸನದ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಓಡಾಡಿದ್ದನ್ನು ಯಾರೂ ಮರೆತಿರಲಾರರು. ಒಂದರ ಹಿಂದೊಂದು ಹಠಾತ್ ಸಾವುಗಳ ಸುದ್ದಿ ಬಂದು, ಎಳೆಯ ವಯಸ್ಸಿನವರೂ ಅದರಲ್ಲಿದ್ದು, ಜಿಲ್ಲೆಗೆ ಜಿಲ್ಲೆಯೇ ಹೆದರಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಏನೂ ತೊಂದರೆಯಿಲ್ಲದವರೂ ಬೆಳಗಿನ ಜಾವದಿಂದಲೇ ಸಾಲು ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ, ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನ ಹೀಗೆ ಒಂದಲ್ಲ ಒಂದು ಹಳೆಯ ಕಾರಣವಿತ್ತು. ಸತ್ತವರಲ್ಲಿ ಆಟೊ, ಕ್ಯಾಬ್ ಚಾಲಕರೂ ಇದ್ದರು ಎಂಬುದು ನನ್ನನ್ನು ಹೆಚ್ಚು ಕಾಡಿತು. ಹೊತ್ತುಹೊತ್ತಿಗೆ ಊಟವಿಲ್ಲದೆ, ನಿದ್ದೆಗೆಟ್ಟು, ಬೀಡಿ ಚಹಾದ ಮೇಲೆ ದಿನ ದೂಡುವ ಈ ಮಂದಿ ಬಿ.ಪಿ. ನೋಡಿಸಿಕೊಳ್ಳಲು ಒಂದು ಬಾಡಿಗೆ ಬಿಡುವುದಿಲ್ಲ. ಆಟೊ ನಿಲ್ದಾಣಕ್ಕೇ ಬಿ.ಪಿ. ಯಂತ್ರ ಬರಬೇಕಾದದ್ದು ನ್ಯಾಯ.

ಮನೆಯಲ್ಲೇ ಮಾಡಬಹುದಾದ ನಿಗಾ ಇನ್ನೊಂದು ಬಗೆಯದು, ಇದರಲ್ಲಿ ಅವಸರವಿಲ್ಲ. ಮೂಡಿಗೆರೆಯ ಕಡೆ ಕಾಫಿ ತೋಟದಲ್ಲಿರುವ ನನ್ನ ಭಾವನಿಗೆ ಹಳೆಯ ಹೃದಯಾಘಾತದಿಂದ ಹೃದಯದ ಬಲ ಕುಗ್ಗಿದೆ. ಅವರು ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದವರೇ, ಕಾಫಿ ಕುಡಿಯುವ ಮೊದಲು ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಅಕ್ಕ ಅದನ್ನು ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾಳೆ, ಕೆಳಗೆ ಬಿ.ಪಿ. ಮನೆಯೊಳಗೆ ಸಿಗ್ನಲ್ ಇಲ್ಲದ ಕಾರಣ ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ಆ ಪುಟದ ಫೋಟೊವನ್ನು ವಾರಕ್ಕೊಮ್ಮೆ ವೈದ್ಯರಿಗೆ ಕಳಿಸುತ್ತಾಳೆ. ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ ಅದು ತಿಂದು ಕೂಡಿದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಕಾಲು ಬಾತು, ರಾತ್ರಿ ಮಲಗಲಾಗದೆ ಎದ್ದು ಕೂರುವ ಹಂತ ಬರುವ ಮೊದಲೇ ತೂಕದ ಯಂತ್ರ ಅದನ್ನು ತೋರಿಸುತ್ತದೆ, ವೈದ್ಯರು ಫೋನಿನಲ್ಲೇ ನೀರಿಳಿಸುವ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ. ಜರ್ಮನಿಯಲ್ಲಿ ಹೃದಯ ವೈಫಲ್ಯದ, ಅಂದರೆ ಹೀಗೆ ಹೃದಯದ ಬಲ ಕುಗ್ಗಿದ, 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ತೂಕ, ರಕ್ತದೊತ್ತಡ, ಇಸಿಜಿಗಳನ್ನು ದೂರದಿಂದ ಗಮನಿಸಲ್ಪಟ್ಟವರು ಉಳಿದವರಿಗಿಂತ ಕಡಿಮೆ ದಿನಗಳನ್ನು ಆಸ್ಪತ್ರೆಗೆ ಕಳೆದುಕೊಂಡಿದ್ದು ಕಂಡುಬಂತು. ಒಂದು ಮಾತನ್ನು ಮಾತ್ರ ಭಾವ ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು: ಉಪ್ಪಿನಕಾಯಿ, ಹಪ್ಪಳ, ಒಣಮೀನು ಕೂಡ ಉಪ್ಪೇ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮಿಡಿಮಾವಿನ ಒಂದು ಹೋಳು ಆ ಲೆಕ್ಕವನ್ನು ಏನು ಮಾಡುತ್ತದೆಂದು ಮಲೆನಾಡಿನ ಊಟದ ಎಲೆಯ ಮುಂದೆ ಕೂತವರೇ ಯೋಚಿಸಬೇಕು.

ಬಿ.ಪಿ. ಯಂತ್ರಗಳಲ್ಲಿ ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವುದು ನಂಬಿಕಸ್ಥ. ಐದು ನಿಮಿಷ ಸುಮ್ಮನೆ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಿದ ಅಂಕಿಯೇ ಲೆಕ್ಕಕ್ಕೆ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ನೋಡಬಾರದು ಎಂಬ ನಿಯಮ ಚಿಕ್ಕಮಗಳೂರಿನವರಿಗೆ ಸ್ವಲ್ಪ ಕಷ್ಟವೇ. ಆಸ್ಪತ್ರೆಯಲ್ಲಿ 140/90 ಎಂಬುದು ಎಚ್ಚರಿಕೆಯ ಗೆರೆಯಾದರೆ ಮನೆಯಲ್ಲಿ ಆ ಗೆರೆ 135/85. ಮಕ್ಕಳು ವಿದೇಶದಿಂದ ತಂದುಕೊಡುವ ಇಸಿಜಿ ಕೈಗಡಿಯಾರಗಳ ಬಗ್ಗೆಯೂ ಹೇಳಬೇಕು. ಹೃದಯದ ಲಯ ತಪ್ಪುವುದನ್ನು, ಅದರಲ್ಲೂ ಪಾರ್ಶ್ವವಾಯುವಿಗೆ ದಾರಿ ಮಾಡುವ ಏಟ್ರಿಯಲ್ ಫಿಬ್ರಿಲೇಶನ್ ಅನ್ನು ಅವು ಹಿಡಿಯಬಲ್ಲವು. ಹೃದಯಾಘಾತವನ್ನು ಗುರುತಿಸಲು ಅವು ಮಾಡಿದವಲ್ಲ, ಏಕೆಂದರೆ ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನಗಳಿಂದ ನೋಡುವುದನ್ನು ಗಡಿಯಾರ ಒಂದೇ ಕೋನದಿಂದ ನೋಡುತ್ತದೆ. ಎದೆ ಬಿಗಿದಿರುವಾಗ ಗಡಿಯಾರ ‘ಸರಿಯಾಗಿದೆ’ ಎಂದು ತೋರಿಸಿತೆಂದು ಸುಮ್ಮನಾಗುವುದು ಗ್ಯಾಸ್ಟ್ರಿಕ್ ಎಂದು ಸುಮ್ಮನಾದಷ್ಟೇ ಅಪಾಯ. ಇ-ಸಂಜೀವಿನಿಯಂಥ ಸರ್ಕಾರಿ ದೂರಸಮಾಲೋಚನೆಯೂ ಹೀಗೆಯೇ, ಮಾತ್ರೆ ಮುಂದುವರಿಸುವುದಕ್ಕೆ, ವರದಿ ತೋರಿಸುವುದಕ್ಕೆ, ದಿನಗೂಲಿ ಕಳೆದುಕೊಳ್ಳದೆ ಸಲಹೆ ಪಡೆಯುವುದಕ್ಕೆ ಬಹಳ ಅನುಕೂಲ, ಎದೆನೋವಿನ ಹೊತ್ತಿಗೆ ಅಲ್ಲ.

ಇನ್ನು ಆಗಬೇಕಾದ್ದು ನಮ್ಮ ಕಡೆಯ ಮಳೆಗಾಲಕ್ಕೆ ಸಂಬಂಧಿಸಿದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ಹೋಗುವುದು, ಅದರ ಹಿಂದೆಯೇ ಮೊಬೈಲ್ ಟವರ್ ಸುಮ್ಮನಾಗುವುದು ಮಲೆನಾಡಿನಲ್ಲಿ ಮಾಮೂಲು. ಇಸಿಜಿ ಯಂತ್ರ ಬ್ಯಾಟರಿಯಲ್ಲಿ ಓಡುತ್ತದೆ, ಆದರೆ ಅದರ ಅಲೆಗಳು ಆಸ್ಪತ್ರೆಯ ಕಾಂಪೌಂಡು ದಾಟಲು ಸಂಪರ್ಕ ಬೇಕು. ರಾತ್ರಿ ಎರಡು ಗಂಟೆಗೆ ಎಲೆಕ್ಟ್ರೋಡುಗಳನ್ನು ಎದೆಯ ಸರಿಯಾದ ಜಾಗಗಳಿಗೆ ಅಂಟಿಸಬಲ್ಲ ಸಿಬ್ಬಂದಿ ಪಾಳಿಯಲ್ಲಿರಬೇಕು, ಮದ್ದು ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಅವಧಿ ಮೀರದೆ ಇರಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮೂರೂ ಇವೆಯೇ ಎಂದು ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ವಿಚಾರಿಸಿ ಬನ್ನಿ. ಇಲ್ಲವೆಂದಾದರೆ ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪದ ವಿಷಯ ಬರುವ ಮೊದಲು ಇದನ್ನು ಎತ್ತಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.